ಸೀರೆ ಮರೆಯ ಬಿಸಿಲು

ಹೋದ ದ್ವಾದಶಿಯ ಬೆಳಿಗ್ಗೆ ನಮ್ಮ ಮನೆಯ ಬಾಲಕೃಷ್ಣನಿಗೆ ನಾನು ಮುಖಕ್ಕೆ ಹಚ್ಚಿಕೊಳ್ಳುವ ಸ್ನೋ ನೈವೇದ್ಯ ಮಾಡಿದೆ. ಬೇಕೆಂದು ಮಾಡಲಿಲ್ಲ, ಅದು ಅವನಿಗೂ ಗೊತ್ತು. ಹಿಂದಿನ ದಿನ ಏಕಾದಶಿಯ ಉಪವಾಸ, ಹೊತ್ತಿಗೆ ಮುಂಚೆ ಪಾರಣೆ ಆಗಬೇಕೆಂಬ ಅವಸರ, ದೇವರ ಕೋಣೆಯಲ್ಲಿ ಒಂದೇ ಒಂದು ನಂದಾದೀಪ. ಜಗುಲಿಯ ಅಂಚಿನಲ್ಲಿ ಬಿಳಿಯ ಗಾಜಿನ ಪುಟ್ಟ ಭರಣಿ ಕಂಡಿತು. ಮುಚ್ಚಳ ತಿರುವಿದರೆ ಒಳಗೆ ಬೆಳ್ಳಗೆ, ಮೆತ್ತಗೆ, ಈಗಷ್ಟೇ ಕಡೆದು ತೆಗೆದ ಹಾಗೆ. ಕೆಳಗಿನ ಮನೆಯವರು ಬೆಣ್ಣೆ ಕಳಿಸಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡು ಬೆರಳಲ್ಲಿ ತೆಗೆದು ಕೃಷ್ಣನ ಚಾಚಿದ ಅಂಗೈಗೆ ಮೆತ್ತಿದೆ. ತುಳಸಿಯನ್ನೂ ಏರಿಸಿದೆ. ಆಮೇಲೆ ಮೂಗಿಗೆ ಗುಲಾಬಿಯ ವಾಸನೆ ಬಡಿಯಿತು. ಬೆಣ್ಣೆ ಎಂದಾದರೂ ಗುಲಾಬಿ ನಾತ ಹೊಡೆದದ್ದುಂಟೆ?

"ಅವ್ವಾ! ಅದು ನನ್ನ ಸ್ನೋ!" ಎಂದು ನನ್ನ ಮಗಳು ಸುಶೀಲಾ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಇಟ್ಟುಕೊಂಡಳು.

"ನಿನ್ನ ಸ್ನೋ ದೇವರ ಮನ್ಯಾಗ ಯಾಕ ಬಂತು?"

"ಅಪ್ಪ ನಾಮ ಹಚ್ಚಿಕೊಳ್ಳೋ ಕನ್ನಡಿ ಇಲ್ಲೇ ಅದ ಅಲ್ಲ. ಹಚ್ಚಿಕೊಂಡು ಮರತು ಹೋದೆ. ಸಾಲ್ಯಾಗ ಬಿಸಲಾಗ ಕವಾಯತು ಮಾಡಸ್ತಾರವ್ವಾ, ಮುಖಾ ಸುಟ್ಟು ಕರ್ರಗ ಆಗ್ತದ."

ಕೃಷ್ಣನ ಅಂಗೈಯನ್ನು ಹುಣಸೆಹಣ್ಣು ಹಾಕಿ ತೊಳೆದೆ. ತಪ್ಪಾಯಿತಪ್ಪಾ ಎಂದು ಗಲ್ಲ ಗಲ್ಲ ಬಡಿದುಕೊಂಡೆ. ಲೋಕಕ್ಕೆಲ್ಲ ಗೊತ್ತಿರುವ ಕರಿಯ ದೇವರಿಗೆ ಬೆಳ್ಳಗಾಗುವ ಮದ್ದು ಹಚ್ಚಿದೆನಲ್ಲ ಎಂದು ಒಳಗೊಳಗೇ ನಗುವೂ ಬಂತು. ಆದರೆ ಹುಡುಗಿ ಹೇಳಿದ ಆ ಮಾತು, ಬಿಸಿಲಿಗೆ ಮುಖ ಕರ್ರಗಾಗುತ್ತದೆಂಬ ಮಾತು, ಪಾರಣೆಯ ಅನ್ನ ಕಲಸುವಾಗಲೂ ಕಿವಿಯಲ್ಲೇ ಕೂತಿತ್ತು. ಗೋದಾ ನೆನಪಾದಳು. ಗೋದಾ ನನ್ನ ನಾದಿನಿ, ಯಜಮಾನರ ಬೆನ್ನಿಗೆ ಬಿದ್ದ ತಂಗಿ.

ಗೋದಾಳ ಮಾತಿಗೆ ಮೊದಲು ನನ್ನ ಬಣ್ಣದ ಮಾತು ಹೇಳಿ ಮುಗಿಸುತ್ತೇನೆ, ಅದೇನು ದೊಡ್ಡದಲ್ಲ. ನಾನು ಕಪ್ಪು. ವಿಜಾಪುರದ ಕಡೆಯ ಬಿಸಿಲಿನಲ್ಲಿ ಹುಟ್ಟಿ, ಬಿಸಿಲಿನಲ್ಲೇ ಕುಂಟಾಬಿಲ್ಲೆ ಆಡಿ, ಬಿಸಿಲಿನಲ್ಲೇ ಹುಣಸೆಬೀಜ ಹುರಿದು ತಿಂದು ಬೆಳೆದವಳು. ನನ್ನ ತಂದೆ ಮತ್ತು ಮಾವನವರು ಒಂದೇ ಶಾಲೆಯ ಗೆಳೆಯರು, ಮಾತು ಕೊಟ್ಟಿದ್ದರು, ಆದ್ದರಿಂದ ನನ್ನನ್ನು ಯಾರೂ ನೋಡಲು ಬರಲೇ ಇಲ್ಲ. ಬಂದಿದ್ದರೆ ನಾನು ಇನ್ನೂ ವಿಜಾಪುರದಲ್ಲೇ ಇರುತ್ತಿದ್ದೆನೋ ಏನೋ! ಮದುವೆಯಾಗಿ ಪುಣೆಯ ಶನಿವಾರ ಪೇಠೆಯ ವಾಡೆಗೆ, ನಡುವೆ ಚೌಕ ಬಿಟ್ಟು ಸುತ್ತ ಹಲವು ಬಿಡಾರ ಇರುವ ದೊಡ್ಡ ಮನೆಗೆ, ಕಾಲಿಟ್ಟ ದಿನ ಎದುರುಮನೆಯ ಮರಾಠಿ ಹಿರಿಯಾಕೆ, ಎಲ್ಲರೂ ಕಾಕು ಎಂದು ಕರೆಯುವವರು, ನನ್ನ ಗದ್ದ ಎತ್ತಿ ನೋಡಿ, "ಸೂನ ಸಾವಳೀ ಆಹೇ ಹೋ" ಅಂದರು. ಸೊಸೆ ಕಪ್ಪಗಿದ್ದಾಳೆ ಎಂದು ಅದರ ಅರ್ಥ. ನನಗಿನ್ನೂ ಮರಾಠಿ ಬರುತ್ತಿರಲಿಲ್ಲ. ಏನೋ ಒಳ್ಳೆಯ ಮಾತು ಹೇಳಿದರೆಂದು ಬಗ್ಗಿ ನಮಸ್ಕಾರ ಮಾಡಿದೆ. ಕಾಕುವೇ ನಾಚಿಕೊಂಡು ನನಗೆ ಸಕ್ಕರೆ ಕೊಟ್ಟರು.

ಅತ್ತೆಯವರು ಮಾತ್ರ ಮುಚ್ಚುಮರೆ ಇಲ್ಲದವರು. "ನಿನ್ನ ಬಣ್ಣ ಇನ್ನ ಕೆಡ್ಲಿಕ್ಕೆ ಏನೂ ಉಳದಿಲ್ಲ. ಸಂಡಿಗಿ ಕಾಯೋ ಕೆಲಸಾ ನಿಂದು," ಅಂದರು. ಬೈಗಳಲ್ಲ ಅದು, ಮನೆಗೆಲಸ ಹಂಚುವ ರೀತಿ. ಚೈತ್ರ ವೈಶಾಖದಲ್ಲಿ ವಾಡೆಯ ಗಚ್ಚಿಯ ಮೇಲೆ, ಅಂದರೆ ಮಾಳಿಗೆಯ ಮೇಲೆ, ಹಳೆಯ ಧೋತರ ಹಾಸಿ ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕುತ್ತಿದ್ದರು. ಕಾಗೆ ಓಡಿಸಲು ಒಂದು ಕೋಲು ಹಿಡಿದು ತಲೆಯ ಮೇಲೆ ಒದ್ದೆ ಪಂಜೆ ಹಾಕಿಕೊಂಡು ನಾನು ಕೂಡುತ್ತಿದ್ದೆ. ಅರ್ಧ ಒಣಗಿದ ಸಂಡಿಗೆಯ ರುಚಿ ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಾಗೆ ತಿಂದದ್ದಕ್ಕಿಂತ ನಾನು ತಿಂದದ್ದೇ ಹೆಚ್ಚು.

ಗೋದಾ ನನಗಿಂತ ಸ್ವಲ್ಪ ಚಿಕ್ಕವಳು. ಕೇದಗೆಯ ಒಳಗರಿಯ ಬಣ್ಣ. ಗಂಟಲಲ್ಲಿ ನೀರು ಇಳಿಯುವುದು ಹೊರಗೆ ಕಾಣುತ್ತದೆ ಎಂದು ವಾಡೆಯ ಹೆಂಗಸರು ಹೇಳುತ್ತಿದ್ದರು. ನಾನು ಬಹಳ ಸಲ ಅವಳಿಗೆ ನೀರು ಕುಡಿಸಿ ನೋಡಿದ್ದೇನೆ, ನನಗೇನೂ ಕಾಣಲಿಲ್ಲ. ಅಂಥ ಬಣ್ಣ ಮನೆಯಲ್ಲಿ ಹುಟ್ಟಿದ್ದು ದೇವರು ಕೊಟ್ಟ ಭಾಗ್ಯವೆಂದು ಅತ್ತೆಯವರು ತಿಳಿದಿದ್ದರು. ಭಾಗ್ಯವನ್ನು ಗಾಳಿಬಿಸಿಲಿಗೆ ಬಿಡುವುದುಂಟೆ? ಹೊತ್ತು ಏರುವ ಮೊದಲು ಅವಳ ಸ್ನಾನ ಆಗಬೇಕು. ಕಡಲೆಹಿಟ್ಟು, ಹಾಲಿನ ಕೆನೆ, ಕಸ್ತೂರಿ ಅರಿಶಿನ ಹಚ್ಚಿ ತಿಕ್ಕಬೇಕು. ಆಮೇಲೆ ನಡುಮನೆಯ ಕಿಟಕಿ ಮುಚ್ಚಿ ಅಲ್ಲೇ ಅವಳ ಊಟ, ಹೊಲಿಗೆ, ಹಾಡು, ಚೌಕಾಬಾರಾ. ಗುಡಿಗೆ ಹೋಗುವುದಿದ್ದರೆ ದೀಪ ಹಚ್ಚುವ ಹೊತ್ತಿಗೆ. ಚೌಕದಲ್ಲಿ ಬಿಸಿಲು ಇಳಿದರೆ ಅವಳು ಹಿತ್ತಲಿಗೆ ಹೋಗುವುದಕ್ಕೂ ಗೋಡೆಯ ನೆರಳು ಹಿಡಿದೇ ಹೋಗಬೇಕು.

"ವೈನಿ, ಗಚ್ಚೀ ಮ್ಯಾಲ ಏನೇನ ಕಾಣ್ತದ ಹೇಳ," ಎಂದು ನಾನು ಕೆಳಗಿಳಿದು ಬಂದಾಗ ಕೇಳುತ್ತಿದ್ದಳು. ವೈನಿ ಅಂದರೆ ಅತ್ತಿಗೆ.

"ಪರ್ವತಿ ಗುಡ್ಡ ಕಾಣ್ತದ. ಮಂದೀ ಮನೀ ಧೋತರ ಕಾಣ್ತಾವ. ಕಾಗಿ ಕಾಣ್ತಾವ."

"ನಿಂದೇ ಸುಖ ನೋಡವಾ."

ಬೆವರು ಒರೆಸಿಕೊಳ್ಳುತ್ತ ನಾನು ಅವಳ ತಣ್ಣನೆಯ ನೆಲವನ್ನು ನೋಡುತ್ತಿದ್ದೆ. ಅವಳದೇ ಸುಖ ಎಂದು ನನಗೆ. ಇಬ್ಬರೂ ಹುಡುಗಿಯರು, ಇಬ್ಬರಿಗೂ ಬುದ್ಧಿ ಅಷ್ಟಕ್ಕಷ್ಟೇ.

ರಥಸಪ್ತಮಿಯ ಒಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ಅಂದು ಎಕ್ಕದ ಎಲೆ ತಲೆ ಭುಜಗಳ ಮೇಲೆ ಇಟ್ಟುಕೊಂಡು ಸ್ನಾನ. ಚೌಕದಲ್ಲಿ ರಥದ ರಂಗೋಲಿ. ಕುಳ್ಳಿನ ಒಲೆಯ ಮೇಲೆ ಸೂರ್ಯನಿಗೆ ಎದುರಾಗಿ ಹಾಲು ಉಕ್ಕಿಸುವುದು. ಮನೆಯ ಹೆಣ್ಣುಮಕ್ಕಳೆಲ್ಲ ಬಿಸಿಲಲ್ಲಿ ನಿಂತು ಸೂರ್ಯನಾರಾಯಣನಿಗೆ ಅರ್ಘ್ಯ ಕೊಡಬೇಕು. ಗೋದಾಳೂ ಕೊಡಬೇಕಲ್ಲ! ಅತ್ತೆಯವರು ಮಾವನವರ ದೊಡ್ಡ ಕರಿ ಛತ್ರಿ ಬಿಡಿಸಿ ಮಗಳ ತಲೆಯ ಮೇಲೆ ಹಿಡಿದು ನಿಂತರು.

"ನಮಸ್ಕಾರ ಮಾಡು. ಮುಖಾ ಮ್ಯಾಲ ಎತ್ತಬ್ಯಾಡ," ಅಂದರು.

ಮಾವನವರು ಸಂಧ್ಯಾವಂದನೆ ಮುಗಿಸಿ ಬಂದವರು ನೋಡಿ ನಿಂತೇಬಿಟ್ಟರು. "ಅಲ್ಲ, ಯಾವ ದೇವರಿಗೆ ಕೈ ಮುಗಸ್ಲಿಕತ್ತೀಯೋ ಆ ದೇವರಿಗೇ ಛತ್ರಿ ಅಡ್ಡ ಹಿಡೀತಿಯಲ್ಲ?"

"ನಿಮಗ ಗಂಡಸರಿಗೆ ಏನ ತಿಳೀತದ? ದೇವರು ಮನಸ ನೋಡ್ತಾನ. ವರನ ಕಡಿಯವರು ಮುಖಾನೇ ನೋಡ್ತಾರ."

ನಾವೆಲ್ಲ ನಕ್ಕೆವು. ಗೋದಾ ಛತ್ರಿಯ ಕೆಳಗೆ ನಕ್ಕು ನಕ್ಕು ಅರ್ಘ್ಯದ ನೀರು ಕಾಲಿನ ಮೇಲೆ ಚೆಲ್ಲಿಕೊಂಡಳು. ಅತ್ತೆಯವರನ್ನು ಒಬ್ಬರನ್ನೇ ಅಂದು ಏನು ಫಲ? ಕ್ಯಾಂಪಿನಲ್ಲಿ, ಅಂದರೆ ದಂಡಿನ ಬಡಾವಣೆಯಲ್ಲಿ, ಗೋರಾ ಸಾಹೇಬರ ಹೆಂಡಂದಿರು ಮಡ್ಡಮ್ಮಗಳೂ ಆಗ ಹಾಗೆಯೇ ಇದ್ದರು. ನಮ್ಮ ಮನೆಯವರು ಕ್ಯಾಂಪಿನ ಕಚೇರಿಯೊಂದರಲ್ಲಿ ಕಾರಕೂನರು. ಅವರು ಹೇಳುತ್ತಿದ್ದರು, ಆ ಹೆಂಗಸರು ಬೆಂಡಿನ ಟೊಪ್ಪಿಗೆ, ಅದರ ಮೇಲೆ ಜಾಳಿಗೆ ಪರದೆ, ಅದರ ಮೇಲೆ ಜರತಾರಿ ಛತ್ರಿ, ಕೈಗೆ ಮೊಣಕೈವರೆಗೆ ಗವಸು ಇಲ್ಲದೆ ಹೊರಗೆ ಬರುತ್ತಿರಲಿಲ್ಲವಂತೆ. "ನೋಡ್ರಿ, ರಾಜ್ಯಾ ಆಳೋರಿಗೇ ಬಿಸಲಂದ್ರ ಇಷ್ಟ ಅಂಜಿಕಿ," ಎಂದು ಅತ್ತೆಯವರಿಗೆ ಇನ್ನಷ್ಟು ಧೈರ್ಯ.

ಭೋರಿನಿಂದ ಸಂಬಂಧ ಬಂತು. ಅಲ್ಲಿಯ ಸಂಸ್ಥಾನದ ಕಚೇರಿಯಲ್ಲಿ ಇರುವ ಮನೆತನ, ಕನ್ನಡ ಮರಾಠಿ ಎರಡೂ ಬಲ್ಲವರು. ಬೀಗಿತ್ತಿ, ಅಂದರೆ ವರನ ತಾಯಿ, ಗೋದಾಳ ಮುಂಗೈ ತಿರುಗಿಸಿ ನೋಡಿ, "ಇನ್ನ ಬ್ಯಾರೆ ನೋಡೂದೇನದ?" ಅಂದರು. ಮದುವೆ ಚೆನ್ನಾಗಿಯೇ ಆಯಿತು. ವರ ಸೌಮ್ಯ. ಗೋದಾ ದೊಡ್ಡವಳಾಗಿ ಗಂಡನ ಮನೆಗೆ ಹೋದಳು. ಅಲ್ಲಿಯೂ ಅವಳಿಗೆ ಒಳಕೋಣೆಯೇ. ಬೆಳ್ಳನೆಯ ಸೊಸೆ ಎಂದು ಅವರಿಗೂ ಹೆಮ್ಮೆ.

ಒಂದೆರಡು ವರ್ಷ ಆಗಿರಬೇಕು. ಅವಳ ಗಂಡನೇ ಕರೆತಂದು ಬಿಟ್ಟ. ವಾಡೆಯ ಮೆಟ್ಟಿಲ ಬುಡದಲ್ಲಿ ನಿಂತು ಗೋದಾ ಮೇಲೆ ನೋಡಿದ್ದು ನನಗೆ ಹಾಗೇ ಕಣ್ಣಿಗೆ ಕಟ್ಟಿದೆ. ಮೆಟ್ಟಿಲು ಹತ್ತಲು ಆಗಲಿಲ್ಲ. ಸೊಂಟ, ತೊಡೆ, ಮೊಣಕಾಲು ಎಲ್ಲ ನೋವು. ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಕು. ನಡೆದರೆ ಬಾತುಕೋಳಿಯ ಹಾಗೆ ಅತ್ತಿತ್ತ ವಾಲಾಟ. ಕೊಡ ಎತ್ತಲಾರಳು, ಮಡಿ ಅಡಿಗೆ ಮಾಡಲಾರಳು. ಬೀಗರು ಹೇಳಿ ಕಳಿಸಿದ್ದರು: ನೆಟ್ಟಗೆ ನಡೆಯುವ ಹಾಗಾದ ಮೇಲೆ ಕರೆದುಕೊಂಡು ಹೋಗುತ್ತೇವೆ. ಆಗದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಕಾಲದಲ್ಲಿ ಒಬ್ಬ ಗಂಡಸಿಗೆ ಇನ್ನೊಂದು ಹೆಣ್ಣು ತರುವುದು ಎಷ್ಟು ಹೊತ್ತಿನ ಕೆಲಸ?

ಅತ್ತೆಯವರು ಬಿಸಿನೀರು, ಎಳ್ಳೆಣ್ಣೆ, ವೈದ್ಯರ ಭಸ್ಮ, ದೃಷ್ಟಿ ತೆಗೆಯುವುದು, ಗುಡಿಗೆ ಹರಕೆ ಎಲ್ಲ ಮಾಡಿದರು. ಬೆಳ್ಳಗಿದ್ದವಳಿಗೆ ದೃಷ್ಟಿ ತಾಗಿತು ಎಂದು ಇನ್ನೂ ಒಳಗೆ, ಇನ್ನೂ ಕತ್ತಲೆಗೆ ತಳ್ಳಿದರು. ಕಡೆಗೆ ನಮ್ಮ ಮನೆಯವರು ಒಬ್ಬ ಹೆಂಗಸು ಡಾಕ್ಟರನ್ನು ಕರೆತಂದರು. ವಯಸ್ಸಾದವರು, ಮರಾಠಿ ಚೆನ್ನಾಗಿ ಆಡುತ್ತಿದ್ದರು. ಗೋದಾಳ ಮೊಣಕಾಲ ಕೆಳಗಿನ ಎಲುಬನ್ನು ಬೆರಳಿನಿಂದ ಒತ್ತಿದರು, ಅವಳು ಚೀರಿದಳು. ದಿನಾ ಎಷ್ಟು ಹೊತ್ತು ಬಿಸಿಲಿನಲ್ಲಿ ಇರುತ್ತಾಳೆ ಎಂದು ಡಾಕ್ಟರು ಕೇಳಿದರು.

ಅತ್ತೆಯವರು ತಮ್ಮ ಕನ್ನಡ ಬೆರೆತ ಮರಾಠಿಯಲ್ಲಿ ಎದೆಯುಬ್ಬಿಸಿ ಹೇಳಿದರು, ಸಣ್ಣವಳಿದ್ದಾಗಿನಿಂದ ಒಂದು ದಿನವೂ ಇವಳನ್ನು ಬಿಸಿಲಿಗೆ ಬಿಟ್ಟಿಲ್ಲ ಎಂದು. ಒಳ್ಳೆಯ ತಾಯಿ ಎಂದು ಡಾಕ್ಟರು ಹೊಗಳುತ್ತಾರೆಂದು ಕಾಯುತ್ತ ನಿಂತರು.

ಡಾಕ್ಟರು ಹೊಗಳಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದುಕೊಂಡು ನಮ್ಮ ಮನೆಯವರಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಇವರು ಅದನ್ನು ಅತ್ತೆಯವರಿಗೆ ಹೇಳಿದರು: "ಅವ್ವಾ, ಬಿಸಲ ಕಾಣದ್ದಕ್ಕ ಎಲುಬು ಮೆತ್ತಗಾಗ್ಯಾವಂತ. ಎರಡ ಔಷಧ ಅವ. ಒಂದು ಮೀನಿನ ಎಣ್ಣಿ..."

"ಹರಿ ಹರಿ! ಮೀನಿಂದ? ಈ ಮನ್ಯಾಗ?"

"ಇನ್ನೊಂದು ಬಿಸಲು. ದಿನಾ ಕೈ, ಕಾಲು, ಬೆನ್ನು ಬಿಟ್ಟುಕೊಂಡು ಬಿಸಲಾಗ ಕೂಡಬೇಕು. ಮುದ್ದಾಂ ಕೂಡಬೇಕು."

ಅತ್ತೆಯವರು ಮೀನಿನ ಹೆಸರಿಗೆ ತಲೆ ಮೇಲೆ ನೀರು ಸುರಿದುಕೊಂಡರು, ಅಂದರೆ ಸ್ನಾನ ಮಾಡಿದರು. ಬಿಸಿಲಿನ ಹೆಸರಿಗೆ ಮಾತ್ರ ಆ ದಿನ ಉಣ್ಣಲಿಲ್ಲ. ತುಳಸಿಕಟ್ಟೆಯ ಹತ್ತಿರ ಬಹಳ ಹೊತ್ತು ಕೂತಿದ್ದರು. ನಾನು ನೀರು ತೆಗೆದುಕೊಂಡು ಹೋದರೆ, "ರಥಸಪ್ತಮಿ ದಿನಾ ಅವರು ಅಂದಿದ್ರು. ನಾ ನಕ್ಕೆ," ಅಂದರು. ಮಾವನವರು ಅಷ್ಟರಲ್ಲಿ ತೀರಿಹೋಗಿದ್ದರು.

ಮರುದಿನ ಬೆಳಿಗ್ಗೆ, "ಮನ್ಯಾಗಿನ ಸೀರಿ ಎಲ್ಲಾ ನೀರಿಗೆ ಹಾಕು," ಎಂದು ನನಗೆ ಹೇಳಿದರು.

"ಎಲ್ಲಾನೂ? ನಿನ್ನೇನೇ ಒಗದೀವಲ್ರಿ."

"ಹಾಕು ಅಂದ್ರ ಹಾಕು."

ಆಮೇಲೆ ತಿಳಿಯಿತು. ವಾಡೆಯಲ್ಲಿ ಒಬ್ಬ ಹರೆಯದ ಹೆಂಗಸು ಕಾಲು ಬಿಟ್ಟುಕೊಂಡು ಬಿಸಿಲಲ್ಲಿ ಕೂಡಲು ಜಾಗ ಎಲ್ಲಿದೆ? ಚೌಕದಲ್ಲಿ ಗಂಡಸರ ಓಡಾಟ. ಗಚ್ಚಿಯ ಒಂದು ಮಗ್ಗುಲಿಗೆ ಕಾಕುವಿನ ಕಿಟಕಿ, ಇನ್ನೊಂದಕ್ಕೆ ಕೋಣೆ ಹಿಡಿದು ಓದುವ ಕಾಲೇಜು ಹುಡುಗರು. ಅದಕ್ಕೆ ಅತ್ತೆಯವರು ಗಚ್ಚಿಯ ಮೇಲೆ ನಾಲ್ಕೂ ಕಡೆ ಹಗ್ಗ ಕಟ್ಟಿಸಿ, ಒದ್ದೆ ಸೀರೆಗಳನ್ನು ನೆಲ ಮುಟ್ಟುವ ಹಾಗೆ ಒಣಹಾಕಿದರು. ಉದ್ದನೆಯ ಕಚ್ಚೆ ಸೀರೆಗಳು. ನಡುವೆ ಒಂದು ಕೋಣೆಯೇ ಆಯಿತು, ಮಾಡು ಮಾತ್ರ ಇಲ್ಲ. ಒಳಗೆ ಚಾಪೆ ಹಾಸಿ ಗೋದಾಳನ್ನು ನಾನೂ ಅವರೂ ಹೆಗಲು ಕೊಟ್ಟು ಹತ್ತಿಸಿ ಕೂಡಿಸಿದೆವು.

ದಿನವೂ ಅದೇ. ಒಣಗಿದ ಸೀರೆಯನ್ನು ಮತ್ತೆ ನೀರಿಗೆ ಹಾಕಿ ಮತ್ತೆ ಹಗ್ಗಕ್ಕೆ. ವಾಡೆಯಲ್ಲಿ ಸುದ್ದಿಯಾಯಿತು. "ಕಾನಡಿ ಲೋಕ ಭಾರೀ ಸ್ವಚ್ಛ ಹೋ!" ಎಂದು ಕಾಕು ಬಾವಿಯ ಹತ್ತಿರ ಎಲ್ಲರ ಮುಂದೆ ಹೊಗಳಿದರು, ಕನ್ನಡದವರು ಬಹಳ ಶುಚಿಯ ಜನ ಎಂದು. ನಾನು ತಲೆ ಬಗ್ಗಿಸಿ ಒಪ್ಪಿಕೊಂಡೆ; ಬಂದ ಹೊಗಳಿಕೆ ಬಿಡುವುದೇಕೆ? ಒಂದು ದಿನ ಗಾಳಿಗೆ ಸೀರೆ ಹಾರಿ ಅವರಿಗೆ ಗೋದಾಳ ಕಾಲು ಕಂಡಿತು. ನಾವು ಹೆದರಿ ಸತ್ತೆವು. ಕಾಕು ಕಿಟಕಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಮೆಟ್ಟಿಲು ಹತ್ತಿ ತಮ್ಮ ಎರಡು ಸೀರೆ ಹಿಡಿದು ಬಂದು, ಗಾಳಿ ಬರುವ ಕಡೆ ತಾವೇ ಹಾಕಿ, ಕೆಳಗೆ ಕಲ್ಲು ಇಟ್ಟು ಇಳಿದುಹೋದರು. ಆ ಪುಣ್ಯಾತಗಿತ್ತಿಯನ್ನು ನಾನು ದಿನಾ ದೇವರ ಮುಂದೆ ನೆನೆಯುತ್ತೇನೆ.

ಮೊದಮೊದಲು ಗೋದಾ ಮುಖಕ್ಕೆ ಸೆರಗು ಹೊದ್ದು ಕಾಲನ್ನು ಮಾತ್ರ ಬಿಸಿಲಿಗೆ ಚಾಚುತ್ತಿದ್ದಳು, ಯಾರದೋ ಕಾಲು ಎಂಬ ಹಾಗೆ. ಮಾಗಿಯ ಬಿಸಿಲು ಹಿತವಾಗಿತ್ತು. ಅತ್ತೆಯವರು ಎಳ್ಳೆಣ್ಣೆ ನೀವುತ್ತಿದ್ದರು. ಸೀರೆಗಳ ಬಣ್ಣದ ನೆರಳು ಅವಳ ಮೇಲೆ ಬೀಳುತ್ತಿತ್ತು, ಹಸಿರು, ಕುಸುಬಿ ಕೆಂಪು, ಅಂಜೂರಿ. ನಾವು ಸುಲಗಾಯಿ, ಅಂದರೆ ಹಸಿ ಕಡಲೆಯ ಗಿಡವನ್ನೇ ತಂದು ಸುಲಿದು ತಿನ್ನುತ್ತಿದ್ದೆವು. ಅತ್ತೆಯವರು ತಾವು ಸಣ್ಣವರಿದ್ದಾಗ ಹೊಲದ ಬದುವಿನ ಮೇಲೆ ಓಡಿದ್ದು, ಎಮ್ಮೆಯ ಬಾಲ ಹಿಡಿದು ಹಳ್ಳ ದಾಟಿದ್ದು ಹೇಳಿದರು. ಆ ಕಥೆಗಳನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕತ್ತಲೆಯ ನಡುಮನೆಯಲ್ಲಿ ಅವರಿಗೂ ನೆನಪಾಗಿರಲಿಕ್ಕಿಲ್ಲ. ಕೇಳುತ್ತ ಕೇಳುತ್ತ ಗೋದಾ ಸೆರಗು ಜಾರಿದ್ದು ಮರೆತಳು. ಆಮೇಲೆ ಹೊದೆಯಲೇ ಇಲ್ಲ.

ನೋವು ಒಮ್ಮೆಲೇ ಹೋಗಲಿಲ್ಲ. ಸಂಕ್ರಾಂತಿಗೆ ಗೋಡೆ ಬಿಟ್ಟು ಎದ್ದಳು. ಶಿವರಾತ್ರಿ ಹೊತ್ತಿಗೆ ಮೆಟ್ಟಿಲು ತಾನೇ ಹತ್ತಿದಳು. ಬೇಸಿಗೆಯಲ್ಲಿ ನನ್ನ ಕೈಯ ಕೋಲು ಕಸಿದುಕೊಂಡು, "ಇವತ್ತ ಕಾಗಿ ನಾ ಓಡಸ್ತೀನಿ," ಅಂದಳು. ಒಂದು ಬೆಳಿಗ್ಗೆ ನಾವು ಮೂವರೂ ಪರ್ವತಿಗೆ ಹೋದೆವು. ಕೂತು ಕೂತು ಹತ್ತಿದೆವು. ನಿಜ ಹೇಳಬೇಕೆಂದರೆ ದಣಿವಾಗಿ ಕೂತದ್ದು ನಾನೇ ಹೆಚ್ಚು. ಮೇಲೆ ನಿಂತು ಗೋದಾ ಕೆಳಗಿನ ಊರನ್ನೆಲ್ಲ ನೋಡಿದಳು, ಹೊಳೆ, ತೋಟ, ದೂರದ ಯೆರವಡೆಯವರೆಗೆ. ತನ್ನ ಕೈಯನ್ನು ನನ್ನ ಕೈಯ ಪಕ್ಕದಲ್ಲಿಟ್ಟು, "ವೈನಿ, ನಿನ್ನ ಪಂಕ್ತಿಗೆ ಬಂದೆ ನೋಡ," ಎಂದು ನಕ್ಕಳು.

ಅಷ್ಟು ಕಪ್ಪಾಗಿರಲಿಲ್ಲ. ಗೋಧಿಯ ಬಣ್ಣಕ್ಕೆ ಬಂದಿದ್ದಳು. ನನ್ನ ಕಣ್ಣಿಗೆ ಅಷ್ಟು ಚೆಂದ ಅವಳು ಎಂದೂ ಕಂಡಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಭೋರಿಗೆ ಹೇಳಿ ಕಳಿಸಿದೆವು. ಬೀಗಿತ್ತಿ ಬಂದರು. ಅತ್ತೆಯವರಿಗೆ ಕಾಲು ನೆಲಕ್ಕೆ ತಾಗದ ಸಂಭ್ರಮ. ಮಗಳ ಕೈಯಲ್ಲಿ ತುಂಬಿದ ತಂಬಿಗೆ ಕೊಟ್ಟು ಅಡಿಗೆಮನೆಯಿಂದ ಪಡಸಾಲೆಗೆ ನಡೆಸಿದರು. "ನೋಡ್ರಿ, ಹ್ಯಾಂಗ ನಡೀತಾಳ! ಒಂದ ಹನೀ ಚೆಲ್ಲಿಲ್ಲ."

ಬೀಗಿತ್ತಿ ಕಾಲು ನೋಡಲೇ ಇಲ್ಲ. ತಂಬಿಗೆ ಹಿಡಿದ ಕೈ ನೋಡಿದರು. "ಇದೇನ್ರಿ ಇದು! ಹುಡುಗೀನ್ನ ಹೊಲದ ಕೆಲಸಕ್ಕ ಹಚ್ಚಿದ್ರೇನು?"

"ಡಾಕ್ಟರು ಹೇಳ್ಯಾರ್ರಿ. ಎಲುಬು ಗಟ್ಟಿ ಆಗ್ಲಿಕ್ಕೆ ಬಿಸಲಾಗ ಕೂಡಿಸೀವಿ."

"ಎಲುಬು ಯಾರಿಗೆ ಕಾಣ್ತಾವ? ನಮ್ಮ ಮನ್ಯಾಗ ಇನ್ನೂ ಎರಡ ಹುಡುಗೂರು ಮದುವಿಗೆ ಅವ. ಸೊಸೀ ಬದಲ ಆದ್ಳೇನು ಅಂತ ಊರ ಮಂದಿ ಕೇಳಿದ್ರ ನಾ ಏನ ಹೇಳ್ಲಿ? ಮಾಘದಾಗ ಬರ್ತೀವಿ. ಅಷ್ಟರಾಗ ಮೊದಲಿನ ಬಣ್ಣಕ್ಕ ಬರ್ಲಿ. ಇಲ್ಲಂದ್ರ ಮುಂದ ನಾ ಹುಡುಗನ್ನ ತಡೀಲಾರೆ."

ಕೆಟ್ಟ ಹೆಂಗಸಲ್ಲ ಅವರು. ಹಾಗೆ ಹೇಳುವಾಗ ಅವರ ಧ್ವನಿಯೂ ಸಣ್ಣದಾಗಿತ್ತು. ಆದರೆ ಆಡಿದ್ದು ಆಡಿದ್ದೇ. ಅತ್ತೆಯವರು ಎದ್ದು ನಿಂತರು. ಬೀಗರ ಮುಂದೆ ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು. "ನನ್ನ ಮಗಳು ಹೀಂಗೇ ಇರ್ತಾಳ. ಕರಕೊಂಡ ಹೋಗೋದಿದ್ರ ಹೀಂಗೇ ಕರಕೊಂಡ ಹೋಗ್ರಿ."

ಬೀಗಿತ್ತಿ ಕುಂಕುಮ ಹಚ್ಚಿಸಿಕೊಂಡು ಹೊರಟುಹೋದರು. ಗೋದಾ ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನ ಅತ್ತೆಯವರು ಎಂದಿನಂತೆ ಸೀರೆ ಹಾಕಿ, ಚಾಪೆ ಹಾಸಿ, ಎಣ್ಣೆಯ ಬಟ್ಟಲು ಇಟ್ಟು ಕೂಗಿದರು. ಗೋದಾ ಬರಲಿಲ್ಲ. ಕೆಳಗಿಳಿದು ನೋಡಿದರೆ ನಡುಮನೆಯ ಕಿಟಕಿ ಮುಚ್ಚಿತ್ತು. ಮುಚ್ಚಿದವಳು ಅವಳೇ. ಬಟ್ಟಲಲ್ಲಿ ಕಡಲೆಹಿಟ್ಟು ಕಲಸುತ್ತ ಕೂತಿದ್ದಳು.

"ಗೋದಾ, ಮ್ಯಾಲ ಬಾರವಾ. ಬಿಸಲ ಸರೀತದ."

"ನಾ ಒಲ್ಲೆ."

"ಹುಚ್ಚಿ! ಕಾಲಿನ ಗತಿ ಏನು?"

ಗೋದಾ ತಲೆ ಎತ್ತಲಿಲ್ಲ. "ಕಾಲು ಗಟ್ಟಿ ಇದ್ರ ನಡಕೋತ ಎಲ್ಲಿಗೆ ಹೋಗ್ಲಿ ಅವ್ವಾ? ಹೋಗೋ ಮನೀದೇ ಬಾಗಲಾ ಹಾಕಿದ್ರ?"

ಅತ್ತೆಯವರು ಹೊಸ್ತಿಲ ಮೇಲೆ ಕೂತುಬಿಟ್ಟರು. ನಮ್ಮ ಮನೆಯವರು ಸಂಜೆ ಬಂದು ತಂಗಿಗೆ ಬಗೆಬಗೆಯಾಗಿ ಹೇಳಿದರು. "ಇಲ್ಲೇ ಇರು. ನಾ ಇಲ್ಲೇನು? ನಿನಗೇನ ಕಡಿಮಿ ಮಾಡ್ತೀನಿ?"

"ನೀ ಇರ್ತಿ ಅಣ್ಣಾ. ನೀ ಒಳ್ಳೆಯವ. ಆದ್ರ ಇದು ನನ್ನ ಮನಿ ಆಗ್ತದೇನು?"

ಬೆಳಗಿನ ಎಳೆಬಿಸಿಲಿಗಾದರೂ ಬಾ, ಮುಖ ಮುಚ್ಚಿಕೊಂಡೇ ಬಾ ಎಂದು ನಾನು ಕೈ ಹಿಡಿದೆ. "ಯಾರೂ ಕಟ್ಟಿ ಹಾಕಿಲ್ಲ ವೈನಿ, ನಾನೇ ಕೂತೀನಿ," ಅಂದಳು. ಯಾರೂ ಕಟ್ಟಿ ಹಾಕಿರಲಿಲ್ಲ ನಿಜ. ಛತ್ರಿ ಹಿಡಿಯುವವರೂ ಬೇಕಿರಲಿಲ್ಲ. ಅಷ್ಟು ವರ್ಷ ನಾವು ಕಲಿಸಿದ್ದು ಅವಳೊಳಗೇ ಬೇರು ಬಿಟ್ಟು ಕೂತಿತ್ತು. ಗಚ್ಚಿಯ ಮೇಲಿನ ಒಂದು ವರ್ಷದ ಬಿಸಿಲು ಅದನ್ನು ಎಷ್ಟೆಂದು ಕಿತ್ತೀತು?

ಅತ್ತೆಯವರು ಆಮೇಲೂ ಎಷ್ಟೋ ದಿನ ಸೀರೆ ಒಣಹಾಕಿ ಚಾಪೆ ಹಾಸಿ ಒಬ್ಬರೇ ಕಾಯುತ್ತ ಕೂಡುತ್ತಿದ್ದರು. ಚಾಪೆಯ ಮೇಲೆ ಬಿಸಿಲು ಬಂದು ಬಂದು ಸುಮ್ಮನೆ ಹೋಗುತ್ತಿತ್ತು.

ಮಾಘದಲ್ಲಿ ಬೀಗರು ಬಂದರು. ಗೋದಾ ಮೊದಲಿನ ಬಣ್ಣಕ್ಕೆ ಬಂದಿದ್ದಳು. ಬೀಗಿತ್ತಿ ಅವಳ ಮುಂಗೈ ಹಿಡಿದು, "ಈಗ ನಮ್ಮ ಸೊಸಿ ಆದ್ಳ ನೋಡ್ರಿ," ಎಂದು ಸಂತೋಷಪಟ್ಟರು. ಉಡಿ ತುಂಬಿದೆವು. ವಾಡೆಯವರೆಲ್ಲ ಅವಳ ಮುಖ ನೋಡಿದರು. ಅತ್ತೆಯವರು ಮಾತ್ರ ಅವಳು ಮೆಟ್ಟಿಲು ಇಳಿಯುವಾಗ ಪಾದವನ್ನೇ ನೋಡುತ್ತಿದ್ದರು. ಕೆಳಗಿನ ಎರಡು ಮೆಟ್ಟಿಲಿಗೆ ಅವಳು ಗೋಡೆ ಹಿಡಿದಳು. ಅದನ್ನು ಕಂಡವರು ನಾವಿಬ್ಬರೇ.

ಕಾಲ ಎಷ್ಟು ಬೇಗ ತಿರುಗುತ್ತದೆ ನೋಡಿ. ಕೆಲವು ವರ್ಷಗಳಲ್ಲಿ ಪುಣೆಯಲ್ಲಿ ಎಲ್ಲೆಲ್ಲೂ ಸೂರ್ಯನಮಸ್ಕಾರದ ಹುಚ್ಚು ಹಿಡಿಯಿತು, ಹುಡುಗಿಯರ ಶಾಲೆಗೂ ಬಂತು. ಕ್ಯಾಂಪಿನ ಮಡ್ಡಮ್ಮಗಳು ಛತ್ರಿ ಮಡಚಿ ಇಟ್ಟರು. ನಮ್ಮ ಮನೆಯವರು ಒಂದು ದಿನ ಕಚೇರಿಯಿಂದ ಬಂದು, "ಇವತ್ತ ಏನ ನೋಡಿದೆ ಗೊತ್ತದ ಏನು? ಸಾಹೇಬರ ಬಂಗಲೇದಾಗ ಅವರ ಹೆಂಡತಿ ಹುಲ್ಲಿನ ಮ್ಯಾಲ ಚಾಪಿ ಹಾಸಿ ಬಿಸಲಾಗ ಮಲಕೊಂಡಾಳ. ಒಂದ ಮಗ್ಗಲಾ ಆದ ಮ್ಯಾಲ ಇನ್ನೊಂದ ಮಗ್ಗಲಾ. ಥೇಟ ನಮ್ಮ ಹಪ್ಪಳ ಹೊರಳಿಸಿದ್ಹಾಂಗ!" ಅಂದರು. ಕಂದು ಬಣ್ಣ ಬಂದರೆ ಅವರಲ್ಲಿ ಈಗ ಅದೇ ಚೆಂದವಂತೆ. ನಾನು ನಕ್ಕೆ. ಅತ್ತೆಯವರು ನಗಲಿಲ್ಲ. "ಇಷ್ಟ ತಡಾ ಮಾಡಿ ಯಾಕ ತಿಳೀತು ಎಲ್ಲಾರಿಗೂ," ಎಂದರು. ಅವರೇ ನಮ್ಮ ಸುಶೀಲಾ ಕೂಸಾಗಿದ್ದಾಗ ದಿನಾ ಎಣ್ಣೆ ಹಚ್ಚಿ ಗಚ್ಚಿಯ ಮೇಲೆ ಕಾಲಮೇಲೆ ಹಾಕಿಕೊಂಡು ಕೂಡುತ್ತಿದ್ದರು. ಯಾರಾದರೂ ಕೂಸು ಕರ್ರಗಾದೀತು ಅಂದರೆ, "ಆಗ್ಲಿ. ಓಡ್ಯಾಡ್ತದ," ಅನ್ನುತ್ತಿದ್ದರು. ಅಷ್ಟರಮಟ್ಟಿಗೆ ನಾನು ದೇವರಿಗೆ ಋಣಿ. ನನ್ನ ಮಕ್ಕಳೆಲ್ಲ ಓಡಾಡುತ್ತಾರೆ.

ಅತ್ತೆಯವರಿಗೆ ಪ್ರಯಾಣ ಆಗದ ಹಾಗಾದ ಮೇಲೆ, ಗೋದಾಳನ್ನು ನೋಡಿ ಬಾ ಎಂದು ನನ್ನನ್ನು ಭೋರಿಗೆ ಕಳಿಸಿದರು. ಗೋದಾ ಬಹಳ ದಿನಗಳಿಂದ ಪುಣೆಗೆ ಬಂದಿರಲಿಲ್ಲ. ಬರುವ ಸ್ಥಿತಿಯಲ್ಲಿ ಇರಲಿಲ್ಲ. ಮೋಟಾರಿನಲ್ಲಿ ಹೋದೆ. ಅವಳ ಗಂಡ ಬಾಗಿಲಿಗೆ ಬಂದು, "ಬರ್ರಿ ವೈನಿ," ಎಂದು ನನ್ನ ಕೈಯ ಗಂಟು ಇಸಿದುಕೊಂಡ. ಅವನು ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ. ಹೆಂಡತಿಯನ್ನು ತಾನೇ ಎತ್ತಿ ಕೂಡಿಸುತ್ತಿದ್ದ, ಎತ್ತಿ ಮಲಗಿಸುತ್ತಿದ್ದ. ಅಂಥವನು ಸಿಕ್ಕದ್ದು ದೊಡ್ಡದು. ಹುಟ್ಟಿದ ಒಂದು ಕೂಸು ಉಳಿದಿರಲಿಲ್ಲ. ಆಮೇಲೆ ಬೇಡವೆಂದು ಡಾಕ್ಟರೇ ಹೇಳಿದ್ದರಂತೆ.

ಗೋದಾ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಾಲಿನ ಮೇಲೆ ದುಪ್ಪಟಿ ಹೊದ್ದಿತ್ತು. ಅದರ ಕೆಳಗೆ ಕಾಲು ಹೇಗಿದೆ ಎಂದು ನಾನು ನೋಡಲು ಹೋಗಲಿಲ್ಲ. ಮುಖ, ಕೈ ಮಾತ್ರ ಬಾಳೆದಿಂಡಿನ ಹಾಗೆ ಬೆಳ್ಳಗೆ ಕತ್ತಲೆಯಲ್ಲಿ ತೇಲುತ್ತಿದ್ದವು. ಅತ್ತೆಯವರು ಕಳಿಸಿದ ಉಂಡೆ ಕೊಟ್ಟೆ. ಸುಶೀಲಾಳ ವಿಷಯ ಕೇಳಿದಳು, ಕಾಕುವಿನ ವಿಷಯ ಕೇಳಿದಳು. ಗಚ್ಚಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವ ಹೊತ್ತಾಯಿತು. ಕುಂಕುಮದ ಬಟ್ಟಲು ಅವಳ ಕೈಗೇ ತಂದುಕೊಟ್ಟೆ. ನನ್ನ ಹಣೆಗೆ ಹಚ್ಚುತ್ತ ಹತ್ತಿರ ಎಳೆದುಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು.

"ವೈನಿ, ಖರೇ ಹೇಳ. ಇಲ್ಲೆ ಎಲ್ಲಾರೂ ನನ್ನ ಮನಸು ನೋಯಬಾರದಂತ ಹೇಳ್ತಾರ. ನನ್ನ ಬಣ್ಣ ಇನ್ನೂ ಹಾಂಗೇ ಅದ ಅಲ್ಲ?"

"ಹಾಂಗೇ ಅದ ಗೋದಾ," ಅಂದೆ. "ಒಂದ ಚೂರೂ ಕೆಟ್ಟಿಲ್ಲ."

ಅವಳಿಗೆ ಸಮಾಧಾನವಾಯಿತು. ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಆ ಕೋಣೆಯಲ್ಲಿ ನಡುಹಗಲಲ್ಲೂ ಬೆಳಕು ಇರಲಿಲ್ಲ. ನನ್ನ ಮುಖ ಅವಳಿಗೆ ಕಾಣಲಿಲ್ಲ. ದೇವರು ಅಷ್ಟಾದರೂ ಮಾಡಿದ.